ಎಂಟು ಮಂದಿ, ಎರಡು ಅಂಗಳ, ಒಂದೇ ಲೆಕ್ಕ

ಇಂಗ್ಲೆಂಡಿನ ನಡುನಾಡಾದ ವಾರ್ವಿಕ್‌ಷೈರಿನಲ್ಲಿ, ಲೆಮ್ ಎಂಬ ಪುಟ್ಟ ನದಿಯ ದಂಡೆಯ ಮೇಲೆ ರಾಯಲ್ ಲೆಮಿಂಗ್‌ಟನ್ ಸ್ಪಾ ಎಂಬ ಊರಿದೆ. ಅಲ್ಲಿನ ಖನಿಜಜಲದಲ್ಲಿ ಮಿಂದು ಮೈಬೇನೆ ನೀಗಿಸಿಕೊಳ್ಳಲು ಹಿಂದೆ ಸಿರಿವಂತರು ಸಾರೋಟುಗಳಲ್ಲಿ ಬರುತ್ತಿದ್ದರು. 1838ರಲ್ಲಿ ವಿಕ್ಟೋರಿಯ ರಾಣಿಯ ಅಪ್ಪಣೆಯಿಂದ ಊರಿನ ಹೆಸರಿಗೆ ‘ರಾಯಲ್’ ಎಂಬ ಬಿರುದು ಸೇರಿತು. ಈಗ ಸ್ನಾನಕ್ಕಾಗಿ ಅಲ್ಲಿಗೆ ಹೋಗುವವರಿಲ್ಲ. ಆದರೆ ಆಗಸ್ಟ್ ತಿಂಗಳು ಬಂತೆಂದರೆ ದೇಶದ ನಾನಾ ಕಡೆಗಳಿಂದ ಜನ ನದಿಯ ಪಕ್ಕದ ವಿಕ್ಟೋರಿಯ ಪಾರ್ಕಿಗೆ ಬಂದು ಸೇರುತ್ತಾರೆ. ಅಲ್ಲಿರುವುದು ಕತ್ತರಿಸಿ ನುಣುಪುಗೊಳಿಸಿದ ಹಸುರು ಅಂಗಳಗಳು. ಅವುಗಳ ಮೇಲೆ ನಡೆಯುವುದು ‘ಲಾನ್ ಬೌಲ್ಸ್’ ಎಂಬ ಆಟ. ಇತ್ತೀಚಿನ ವರ್ಷಗಳಲ್ಲಿ ಇಂಗ್ಲೆಂಡಿನ ರಾಷ್ಟ್ರೀಯ ಅಂತಿಮ ಪಂದ್ಯಗಳು ನಡೆಯುತ್ತ ಬಂದಿರುವುದು ಇಲ್ಲಿಯೇ.

ಇಂಥ ಪಂದ್ಯವೊಂದಕ್ಕೆ ಮೊದಲ ಬಾರಿ ಹೋದವನು ಸ್ವಲ್ಪ ಹೊತ್ತು ತಬ್ಬಿಬ್ಬಾಗುವುದು ಸಹಜ. ಅಂಗಳದ ಸುತ್ತಲಿನ ಬೆಂಚುಗಳ ಮೇಲೆ ನರೆಗೂದಲಿನ ಹಿರಿಯರು ಚಹದ ಫ್ಲಾಸ್ಕು, ಕೊಡೆ, ಮಡಿಸಿದ ವೃತ್ತಪತ್ರಿಕೆಗಳೊಡನೆ ಕುಳಿತಿರುತ್ತಾರೆ. ಇವರೇ ಆಟಗಾರರಿರಬೇಕೆಂದು ಅವನು ಊಹಿಸುತ್ತಾನೆ. ಅಷ್ಟರಲ್ಲಿ ಹೊರಬರುತ್ತಾರೆ, ತಮ್ಮ ಕೌಂಟಿಯ ಬಣ್ಣದ ಅಂಗಿ ತೊಟ್ಟ ಎಂಟು ಮಂದಿ ತರುಣರು. ಕೆಲವರು ಕಾಲೇಜಿನವರು, ಕೆಲವರು ಹೊಸದಾಗಿ ಕೆಲಸಕ್ಕೆ ಸೇರಿದವರು, ಒಬ್ಬಿಬ್ಬರಿಗೆ ಇನ್ನೂ ಮೀಸೆ ಸರಿಯಾಗಿ ಮೂಡಿಲ್ಲ. ಬೆಂಚಿನ ಮೇಲಿದ್ದವರು ಆ ತರುಣರ ಅಜ್ಜ ಅಜ್ಜಿಯರು, ಅವರಿಗೆ ಆಟ ಕಲಿಸಿದ ಕ್ಲಬ್ಬಿನ ಹಿರಿಯರು. ಆಟ ಮೊಮ್ಮಕ್ಕಳದು, ಕಾತರ ಮುದುಕರದು!

ಬೌಲಿಂಗ್ ಎಂದೊಡನೆ ನಮ್ಮ ಕಣ್ಣ ಮುಂದೆ ಸುಳಿಯುವುದು ಕ್ರಿಕೆಟ್. ಕೌಂಟಿ ಎಂಬ ಶಬ್ದವನ್ನೂ ನಾವು ಕಲಿತದ್ದು ಕ್ರಿಕೆಟ್ಟಿನಿಂದಲೇ. ನಮ್ಮ ಅನಿಲ್ ಕುಂಬ್ಳೆ 1995ರಲ್ಲಿ ನಾರ್ಥಾಂಪ್ಟನ್‌ಷೈರ್ ಪರವಾಗಿ, ಅದೇ ವರ್ಷ ಜಾವಗಲ್ ಶ್ರೀನಾಥ್ ಗ್ಲಾಸ್ಟರ್‌ಷೈರ್ ಪರವಾಗಿ, 2000ದಲ್ಲಿ ರಾಹುಲ್ ದ್ರಾವಿಡ್ ಕೆಂಟ್ ಪರವಾಗಿ ಆಡಿದರು. ಕೌಂಟಿ ಎಂದರೆ ನಮ್ಮ ಜಿಲ್ಲೆಯಂಥ ಆಡಳಿತ ವಿಭಾಗವೆಂದು ಸ್ಥೂಲವಾಗಿ ಹೇಳಬಹುದು. ಆದರೆ ಅಲ್ಲಿನವರಿಗೆ ಅದು ತವರಿನ ಹೆಮ್ಮೆಯೂ ಹೌದು. ಕ್ರಿಕೆಟ್ಟಿನ ಕೌಂಟಿ ಆಟಗಾರನಿಗೆ ಸಂಬಳವುಂಟು, ಹೆಸರುಂಟು, ದೂರದರ್ಶನದ ಕ್ಯಾಮೆರವುಂಟು. ಹಸುರಂಗಳದ ಈ ತರುಣರಿಗೆ ದೊರೆಯುವುದು ಎದೆಯ ಮೇಲಿನ ಒಂದು ಲಾಂಛನ ಮಾತ್ರ. ಆ ಲಾಂಛನಕ್ಕಾಗಿ ಭಾನುವಾರ ಬೆಳಗಿನ ಜಾವ ಎದ್ದು, ಅಪ್ಪನ ಕಾರಿನ ಹಿಂಬದಿಯಲ್ಲಿ ತೂಕಡಿಸುತ್ತ, ನೂರಾರು ಕಿಲೋಮೀಟರು ಹೋಗಿಬರುವುದಕ್ಕೆ ಅವರು ಸಿದ್ಧರು.

ಓರೆಯ ಗುಟ್ಟು

ಆಟದ ಗುರಿ ಮಗುವಿಗೂ ಅರ್ಥವಾಗುವಂಥದು. ನಮ್ಮ ಹುಡುಗರು ಗೋಲಿಯಾಡುವಾಗ ಗುರಿಯ ಸಮೀಪಕ್ಕೆ ಯಾರ ಗೋಲಿ ಹೋಗಿ ನಿಂತಿತು ಎಂದು ಬಗ್ಗಿ ನೋಡಿ ಜಗಳವಾಡುವುದಿಲ್ಲವೆ? ಇದೂ ಅದೇ ಬಗೆ. ‘ಜಾಕ್’ ಎಂಬ ಚಿಕ್ಕ ಚೆಂಡನ್ನು ಮೊದಲು ದೂರಕ್ಕೆ ಉರುಳಿಸುತ್ತಾರೆ. ಅದು ಹಾಸಿನಿಂದ 23 ಮೀಟರಿಗೆ ಕಡಮೆಯಿಲ್ಲದಷ್ಟು ದೂರ ಹೋಗಬೇಕು. ಅನಂತರ ಒಂದೂವರೆ ಕಿಲೋ ಆಸುಪಾಸಿನ ತೂಕದ ‘ಬೌಲು’ಗಳನ್ನು ಒಂದಾದ ಮೇಲೊಂದರಂತೆ ಉರುಳಿಸಿ, ಆ ಜಾಕಿನ ಹತ್ತಿರಕ್ಕೆ ತಂದು ನಿಲ್ಲಿಸಬೇಕು. ಯಾರ ಬೌಲು ಅತಿ ಸಮೀಪವೊ ಆ ಸುತ್ತು ಅವರದು. ಎದುರಾಳಿಯ ಅತ್ಯುತ್ತಮ ಬೌಲಿಗಿಂತ ಹತ್ತಿರವಾಗಿ ಎಷ್ಟು ಬೌಲುಗಳು ನಿಂತಿವೆಯೊ ಅಷ್ಟು ಅಂಕ.

ಇಷ್ಟೇ ಆಗಿದ್ದರೆ ಅದೊಂದು ಮಕ್ಕಳಾಟವಾಗುತ್ತಿತ್ತು. ಗುಟ್ಟೆಲ್ಲ ಇರುವುದು ಬೌಲಿನ ಆಕಾರದಲ್ಲಿ. ಅದು ಪೂರ್ಣ ಗುಂಡಗಿಲ್ಲ. ಎರಡು ಮಗ್ಗುಲುಗಳ ದುಂಡು ಒಂದೇ ಸಮನಾಗಿಲ್ಲ. ಒಳಗೆ ಸೀಸ ತುಂಬಿದ್ದಾರೆಂದು ಕೆಲವರು ತಿಳಿಯುತ್ತಾರೆ, ಅದು ತಪ್ಪು. ಆಕಾರವೊಂದರಿಂದಲೇ ಅದಕ್ಕೆ ಓರೆ ಬಂದಿರುತ್ತದೆ. ನಮ್ಮ ಬೀದಿಯಲ್ಲಿ ಹುಡುಗರು ಕೋಲಿನಿಂದ ಓಡಿಸುವ ಚಕ್ರವನ್ನು ನೆನೆಯಿರಿ. ರಭಸವಿರುವತನಕ ಅದು ನೆಟ್ಟಗೆ ಓಡುತ್ತದೆ. ರಭಸ ತಗ್ಗಿದೊಡನೆ ಒಂದು ಮಗ್ಗುಲಿಗೆ ವಾಲಿ ಸುತ್ತತೊಡಗುತ್ತದೆ. ಬೌಲಿನ ನಡಿಗೆಯೂ ಹಾಗೆಯೇ. ಮೊದಲು ನೆಟ್ಟಗೆ ಹೋಗಿ, ವೇಗ ಇಳಿದಂತೆಲ್ಲ ಹೆಚ್ಚು ಹೆಚ್ಚಾಗಿ ಬಾಗುತ್ತದೆ. ಆದುದರಿಂದ ಗುರಿಯತ್ತ ನೋಡಿ ಎಸೆದವನ ಬೌಲು ಗುರಿಯನ್ನು ಸೇರದು. ಗುರಿಯಿಂದ ದೂರದ ಒಂದು ಹುಲ್ಲಿನ ತಾಣವನ್ನು ಆರಿಸಿಕೊಂಡು ಅತ್ತ ಕಳುಹಿಸಿದವನ ಬೌಲು ಮಾತ್ರ ಕಮಾನಿನಂತೆ ಬಾಗಿ ಜಾಕಿನ ಮಗ್ಗುಲಿಗೆ ಬಂದು ನಿಲ್ಲುತ್ತದೆ.

ಈ ಓರೆ ಎಲ್ಲಿಂದ ಬಂತೆಂಬುದಕ್ಕೆ ಒಂದು ಕಥೆಯುಂಟು. 1522ರಲ್ಲಿ ಸಫಕ್‌ನ ಡ್ಯೂಕ್ ಆಡುತ್ತಿದ್ದಾಗ ಅವನ ಬೌಲು ಒಡೆಯಿತಂತೆ. ಆತ ಮನೆಯೊಳಕ್ಕೆ ಓಡಿ, ಮೆಟ್ಟಿಲಿನ ಕಟಕಟೆಯ ತುದಿಯಲ್ಲಿದ್ದ ಮರದ ಗುಂಡನ್ನು ಗರಗಸದಿಂದ ಕೊಯ್ದು ತಂದನಂತೆ. ಕೊಯ್ದ ಕಡೆ ಚಪ್ಪಟೆಯಾದುದರಿಂದ ಗುಂಡು ಓರೆಯಾಗಿ ಓಡಿತು. ಅಡ್ಡಬಂದ ಬೌಲುಗಳನ್ನು ಬಳಸಿಕೊಂಡು ಹೋಗಲು ಇದು ಎಷ್ಟು ಅನುಕೂಲವೆಂಬುದು ಡ್ಯೂಕನಿಗೆ ಹೊಳೆಯಿತು. ನಿಜವೊ ಸುಳ್ಳೊ, ಕಥೆ ಸೊಗಸಾಗಿದೆ.

ಯಾವ ಮಗ್ಗುಲಿಗೆ ಬೌಲು ಬಾಗುವುದೆಂದು ತಿಳಿಯಲು ಅದರ ಎರಡು ಬದಿಗಳಲ್ಲಿಯೂ ಗುರುತುಗಳಿರುತ್ತವೆ. ಅವಸರದಲ್ಲಿ ಬೌಲನ್ನು ತಿರುಗುಮುರುಗಾಗಿ ಹಿಡಿದು ಎಸೆದರೆ ಅದು ನಿರಾತಂಕವಾಗಿ ಪಕ್ಕದವರ ಅಂಕಣಕ್ಕೆ ಹೋಗಿಬಿಡುತ್ತದೆ. ಇಂಥ ಮುಖಭಂಗವನ್ನು ಒಮ್ಮೆಯಾದರೂ ಅನುಭವಿಸದ ಆಟಗಾರ ಇಲ್ಲವೆಂದೇ ಹೇಳಬೇಕು.

ನಾಲ್ವರ ಸಂಸಾರ

ಕೌಂಟಿ ಪಂದ್ಯಗಳಲ್ಲಿ ನಾಲ್ವರ ಗುಂಪು ಆಡುತ್ತದೆ. ಒಬ್ಬೊಬ್ಬರಿಗೂ ಎರಡು ಬೌಲು. ನಾಲ್ವರಿಗೂ ಬೇರೆ ಬೇರೆ ಹೊಣೆ. ಮೊದಲನೆಯವನು ಹಾಸು ಹಾಕಿ, ಜಾಕನ್ನು ನಾಯಕ ಬಯಸಿದಷ್ಟು ದೂರಕ್ಕೆ ಉರುಳಿಸಿ, ತನ್ನ ಎರಡು ಬೌಲುಗಳಿಂದ ಅಡಿಪಾಯ ಹಾಕಬೇಕು. ಎರಡನೆಯವನು ಅದನ್ನು ಭದ್ರಪಡಿಸಬೇಕು. ಅಂಕಗಳ ಚೀಟಿಯೂ ಸಾಮಾನ್ಯವಾಗಿ ಅವನ ಕೈಯಲ್ಲೇ. ಮೂರನೆಯವನದು ದಿವಾನಗಿರಿ: ನಾಯಕನಿಗೆ ಸಲಹೆ ಕೊಡುವುದು, ಎರಡು ಬೌಲುಗಳಲ್ಲಿ ಯಾವುದು ಹತ್ತಿರವೆಂದು ಅಳೆದು ಎದುರಾಳಿಯೊಡನೆ ತೀರ್ಮಾನಿಸುವುದು. ನಾಲ್ಕನೆಯವನೇ ನಾಯಕ, ಅವನನ್ನು ‘ಸ್ಕಿಪ್’ ಎನ್ನುತ್ತಾರೆ. ಉಳಿದ ಮೂವರು ಎಸೆಯುವಾಗ ಅವನು ಜಾಕಿನ ಬಳಿ ನಿಂತು, ಕೈಸನ್ನೆಯಿಂದ ದಾರಿ ತೋರುತ್ತಾನೆ. ಅವರ ಎಸೆತವೆಲ್ಲ ಮುಗಿದ ಮೇಲೆ ಅಂಗಳದ ಉದ್ದಕ್ಕೂ ನಡೆದು ಬಂದು, ಕೊನೆಯ ಬೌಲುಗಳನ್ನು ತಾನು ಎಸೆಯುತ್ತಾನೆ. ಮೊದಲಿನವರು ಮಾಡಿಟ್ಟ ಒಳ್ಳೆಯದನ್ನು ಉಳಿಸುವುದೂ, ಕೆಡಿಸಿದ್ದನ್ನು ಸರಿಪಡಿಸುವುದೂ ಅವನ ಪಾಲಿಗೇ ಬರುತ್ತದೆ. ಮನೆಯ ಯಜಮಾನಿಕೆಯಂತೆಯೇ ಎನ್ನೋಣ.

ಸಂಪ್ರದಾಯದಂತೆ 21 ಸುತ್ತುಗಳು. ಜಾಕನ್ನು ಮುಟ್ಟಿದ ಬೌಲಿಗೆ ಸೀಮೆಸುಣ್ಣದ ಗುರುತು ಹಾಕುತ್ತಾರೆ. ಗುರುತು ಪಡೆದ ಬೌಲು ಅಂಗಳದಂಚಿನ ಕಾಲುವೆಗೆ ಉರುಳಿ ಬಿದ್ದರೂ ಅದರ ಜೀವ ಹೋಗದು, ಲೆಕ್ಕಕ್ಕೆ ಬರುತ್ತದೆ. ಗುರುತಿಲ್ಲದ ಬೌಲು ಕಾಲುವೆಗೆ ಬಿದ್ದರೆ ಅದರ ಕಥೆ ಮುಗಿಯಿತು. ಕೊನೆಯ ಒಂದು ಬೌಲು ಜಾಕನ್ನೇ ತಳ್ಳಿಕೊಂಡು ಹೋಗಿ, ಅಲ್ಲಿಯವರೆಗೆ ಗೆದ್ದಿದ್ದವರನ್ನು ಸೋಲಿಸಿಬಿಡುವುದೂ ಉಂಟು. ಹೀಗಾಗಿ ಈ ಆಟದಲ್ಲಿ ಕೊನೆಯ ಎಸೆತದವರೆಗೆ ಯಾರೂ ಗೆದ್ದವರಲ್ಲ.

ಒಟ್ಟು ಮೊತ್ತದ ನ್ಯಾಯ

25 ವರ್ಷದೊಳಗಿನವರ ಕೌಂಟಿ ತಂಡಗಳಿಗೆಂದೇ ಇಂಗ್ಲೆಂಡಿನಲ್ಲಿ ಪಂದ್ಯಾವಳಿಗಳಿವೆ. ಹುಡುಗರದು ‘ವೈಟ್ ರೋಸ್’ ಪಾರಿತೋಷಕ. ಹುಡುಗಿಯರದು ‘ಏಮಿ ರೋಸ್ ಬೌಲ್’. ಒಂದು ಕೌಂಟಿಯಿಂದ ಎಂಟು ಮಂದಿ. ನಾಲ್ವರಂತೆ ಎರಡು ಗುಂಪು. ಎರಡು ಗುಂಪುಗಳೂ ಬೇರೆ ಬೇರೆ ಅಂಕಣಗಳಲ್ಲಿ ಏಕಕಾಲಕ್ಕೆ ಆಡುತ್ತವೆ. ಕೊನೆಯಲ್ಲಿ ಎರಡೂ ಅಂಕಣಗಳ ಅಂಕಗಳನ್ನು ಕೂಡಿಸುತ್ತಾರೆ. ಒಟ್ಟು ಮೊತ್ತ ಯಾರದು ಹೆಚ್ಚೊ ಗೆಲುವು ಆ ಕೌಂಟಿಯದು.

ಈ ಕೂಡಿಕೆಯ ಲೆಕ್ಕದಲ್ಲೇ ಆಟದ ರಸವೆಲ್ಲ ಅಡಗಿದೆ. ಉದಾಹರಣೆಗೆ, ನಮ್ಮ ಮೊದಲ ಗುಂಪು 14–20ರಿಂದ ಸೋತಿತೆಂದು ಭಾವಿಸಿ. ಎರಡನೆಯ ಗುಂಪು 22–15ರಿಂದ ಗೆದ್ದಿತೆನ್ನಿ. ಕೂಡಿಸಿದರೆ ನಮಗೆ 36, ಎದುರಾಳಿಗೆ 35. ಒಂದೇ ಅಂಕದ ಗೆಲುವು. ಈಗ ಹೇಳಿ, ಗೆಲ್ಲಿಸಿದವರು ಯಾರು? ಏಳು ಅಂಕ ಮುಂದಿದ್ದವರೆಂದು ಎಲ್ಲರೂ ಬೆನ್ನು ತಟ್ಟುತ್ತಾರೆ. ಆದರೆ ಸೋತ ಗುಂಪಿನ ಮೊದಲನೆಯ ಹುಡುಗ, ಹದಿನೆಂಟನೆಯ ಸುತ್ತಿನಲ್ಲಿ, ಹೇಗೂ ಸೋತೆವೆಂದು ಕೈಚೆಲ್ಲದೆ ಒಂದು ಬೌಲನ್ನು ಜಾಕಿನ ಪಕ್ಕಕ್ಕೆ ತಂದು ನಿಲ್ಲಿಸಿದ್ದ. ಎದುರಾಳಿಗೆ ಬರಬೇಕಾಗಿದ್ದ ಮೂರು ಅಂಕ ಒಂದಕ್ಕೆ ಇಳಿದಿತ್ತು. ಆ ಎರಡು ಅಂಕ ಉಳಿಯದಿದ್ದರೆ ಕೌಂಟಿ ಸೋಲುತ್ತಿತ್ತು.

ಇಪ್ಪತ್ತರ ಹರೆಯದವನಿಗೆ ಇದು ಸುಲಭದ ಪಾಠವಲ್ಲ. ಗೆಲ್ಲುವಾಗ ಚೆನ್ನಾಗಿ ಆಡುವುದು ಯಾರಿಗೂ ಬರುತ್ತದೆ. ತಾನು ಸೋಲುವುದು ಖಚಿತವಾದ ಮೇಲೂ, ಪಕ್ಕದ ಅಂಕಣದಲ್ಲಿ ಏನಾಗುತ್ತಿದೆಯೆಂದು ಪೂರ್ತಿ ತಿಳಿಯದೆಯೂ, ಕಡಮೆ ಸೋಲುವುದಕ್ಕಾಗಿ ಬೆವರು ಸುರಿಸುವುದು ಕಷ್ಟ. ಬೆಂಚಿನ ಮೇಲಿನ ಹಿರಿಯರು ಕತ್ತು ಚಾಚಿ ನೋಡುವುದು ಇಂಥ ಎಸೆತಗಳನ್ನೇ. ಚಪ್ಪಾಳೆಯೂ ಅಲ್ಲಿಂದಲೇ ಮೊದಲು ಏಳುತ್ತದೆ.

ಹುಡುಗರಿಗೆ ನಿಷೇಧವಿದ್ದ ಆಟ

ಹಸುರಂಗಳದ ಚರಿತ್ರೆ ಬಹಳ ಹಳೆಯದು. ದಕ್ಷಿಣ ತೀರದ ಸೌತಾಂಪ್ಟನ್ ನಗರದಲ್ಲಿರುವ ಅಂಗಳವೊಂದರಲ್ಲಿ 1299ರಿಂದಲೂ ಆಟ ನಡೆದಿದೆಯೆಂದು ಅಲ್ಲಿನವರು ಹೆಮ್ಮೆಯಿಂದ ಹೇಳಿಕೊಳ್ಳುತ್ತಾರೆ. 1588ರಲ್ಲಿ ಸ್ಪೇನಿನ ನೌಕಾದಳ ದಂಡೆತ್ತಿ ಬಂದಾಗ, ಪ್ಲಿಮತ್ತಿನ ದಿಬ್ಬದ ಮೇಲೆ ಆಡುತ್ತಿದ್ದ ಸರ್ ಫ್ರಾನ್ಸಿಸ್ ಡ್ರೇಕ್ ಆಟ ಮುಗಿಸಿಯೇ ಹಡಗು ಹತ್ತಿದನೆಂಬ ದಂತಕಥೆಯನ್ನು ಇಂಗ್ಲೆಂಡಿನ ಶಾಲಾಬಾಲಕರೆಲ್ಲ ಬಲ್ಲರು.

ಆದರೆ ಇದೇ ಆಟವನ್ನು ಆಡಬಾರದೆಂದು ರಾಜಶಾಸನವೂ ಇತ್ತು. 1541ರಲ್ಲಿ, ಎಂಟನೆಯ ಹೆನ್ರಿಯ ಕಾಲದಲ್ಲಿ, ಕುಶಲಕರ್ಮಿಗಳು, ಕೂಲಿಗಳು, ಮನೆಯಾಳುಗಳು, ಕಸುಬು ಕಲಿಯುವ ಹುಡುಗರು ಬೌಲ್ಸ್ ಆಡಕೂಡದೆಂದು ಕಾನೂನಾಯಿತು. ಜನ ಬಿಲ್ಲುವಿದ್ಯೆಯ ಅಭ್ಯಾಸವನ್ನು ಬಿಟ್ಟು ಆಟಗಳಿಗೆ ಮರುಳಾದರೆ ಯುದ್ಧಕ್ಕೆ ಹೋಗುವವರಾರು ಎಂಬ ಚಿಂತೆ ಅದರ ಹಿಂದಿತ್ತು. ಕ್ರಿಸ್‌ಮಸ್ ಹಬ್ಬದಲ್ಲಿ ಮಾತ್ರ, ಯಜಮಾನನ ಮನೆಯಲ್ಲಿ, ಅವನ ಕಣ್ಣೆದುರಿಗೆ ಆಡಬಹುದಾಗಿತ್ತು. ವರ್ಷಕ್ಕೆ 100 ಪೌಂಡ್ ಉತ್ಪತ್ತಿಯ ಭೂಮಿಯಿದ್ದ ಸಿರಿವಂತರು ಪರವಾನಗಿ ಪಡೆದು ತಮ್ಮ ಸ್ವಂತ ಅಂಗಳಗಳಲ್ಲಿ ಆಡುತ್ತಿದ್ದರು. ಈ ನಿಷೇಧ ಕಾನೂನಿನ ಪುಸ್ತಕದಿಂದ ಹೊರಟುಹೋದದ್ದು 1845ರಲ್ಲಿ. ಅಲ್ಲಿಗೆ ಮುನ್ನೂರು ವರ್ಷ ಕಳೆದುಹೋಗಿದ್ದವು.

ಆ ವೇಳೆಗೆ ಇನ್ನೊಂದು ಸಹಾಯವೂ ಒದಗಿತ್ತು. ಗ್ಲಾಸ್ಟರ್‌ಷೈರಿನ ಎಡ್ವಿನ್ ಬಡ್ಡಿಂಗ್ ಎಂಬಾತ, ಗಿರಣಿಯಲ್ಲಿ ಉಣ್ಣೆಬಟ್ಟೆಯ ಮೇಲಿನ ಜುಂಗನ್ನು ಕತ್ತರಿಸುವ ಯಂತ್ರವನ್ನು ನೋಡಿ, ಅದೇ ರೀತಿ ಹುಲ್ಲನ್ನೇಕೆ ಕತ್ತರಿಸಬಾರದೆಂದು ಯೋಚಿಸಿ, 1830ರಲ್ಲಿ ಹುಲ್ಲು ಕೊಯ್ಯುವ ಯಂತ್ರಕ್ಕೆ ಪೇಟೆಂಟ್ ಪಡೆದ. ಕುಡುಗೋಲಿನ ಆಳುಗಳನ್ನಿಡಲಾರದ ಊರುಗಳಿಗೂ ನುಣುಪಾದ ಅಂಗಳ ಸಾಧ್ಯವಾಯಿತು. 1849ರಲ್ಲಿ ಗ್ಲಾಸ್ಗೋದ ವಕೀಲ ವಿಲಿಯಂ ಮಿಚೆಲ್ ಆಟದ ನಿಯಮಗಳನ್ನು ಕ್ರಮಪಡಿಸಿದ. 1903ರಲ್ಲಿ ಇಂಗ್ಲಿಷ್ ಬೌಲಿಂಗ್ ಅಸೋಸಿಯೇಷನ್ ಹುಟ್ಟಿತು. ಅದರ ಮೊದಲ ಅಧ್ಯಕ್ಷ ಯಾರು ಗೊತ್ತೆ? ಉದ್ದ ಗಡ್ಡದ ಕ್ರಿಕೆಟ್ ಭೀಷ್ಮ ಡಾಕ್ಟರ್ ಡಬ್ಲ್ಯು. ಜಿ. ಗ್ರೇಸ್! ಮುಂದೆ ನಮ್ಮ ಶ್ರೀನಾಥ್ ಆಡಿದ ಅದೇ ಗ್ಲಾಸ್ಟರ್‌ಷೈರಿನವರು. ಐವತ್ತು ದಾಟಿದ ಮೇಲೆ ಅವರಿಗೆ ಬೌಲ್ಸ್ ಆಟದ ಹುಚ್ಚು ಹತ್ತಿತ್ತು.

ಗ್ರೇಸರಂಥವರು ಬಂದದ್ದರಿಂದ ಆಟಕ್ಕೆ ಗೌರವ ಬಂತು, ನಿಜ. ಜೊತೆಗೆ ‘ಬೇರೆ ಆಟಗಳಿಂದ ನಿವೃತ್ತರಾದವರ ಆಟ’ ಎಂಬ ಹೆಸರೂ ಅಂಟಿತು. ಹುಡುಗರನ್ನು ದೂರವಿಡಲು ಹಿಂದೆ ಕಾನೂನು ಬೇಕಾಗಿತ್ತು. ಈಚೆಗೆ ಆ ಕೆಲಸವನ್ನು ನಗೆಚಾಟಿಕೆಯೊಂದೇ ಮಾಡುತ್ತಿದೆ. ಶನಿವಾರ ಸಂಜೆ ಬೌಲ್ಸ್ ಆಡಲು ಹೋಗುತ್ತೇನೆಂದು ಹದಿನಾರರ ಹುಡುಗ ಹೇಳಿದರೆ ಅವನ ಸಹಪಾಠಿಗಳು ಅಜ್ಜನ ಕನ್ನಡಕವನ್ನೂ ತೆಗೆದುಕೊಂಡು ಹೋಗೆಂದು ಹಾಸ್ಯಮಾಡುತ್ತಾರೆ.

ಹುಲ್ಲಿನ ಋಣ

ಈ ಹಾಸ್ಯಕ್ಕೆ ಉತ್ತರವಾಗಿ ಬದುಕಿದವರು ಡೇವಿಡ್ ಬ್ರಯಾಂಟ್. 1931ರಲ್ಲಿ ಸಾಮರ್‌ಸೆಟ್ ಕೌಂಟಿಯ ಕ್ಲೀವ್‌ಡನ್ ಎಂಬ ಕಡಲತೀರದ ಊರಿನಲ್ಲಿ ಹುಟ್ಟಿದ ಅವರು ಉಪಾಧ್ಯಾಯರಾಗಿದ್ದರು. ತಂದೆಯೂ ಬೌಲ್ಸ್ ಆಟಗಾರರೇ. ಮಗ ಹರೆಯದಲ್ಲೇ ಅಂಗಳಕ್ಕೆ ಇಳಿದ. 1966ರಲ್ಲಿ ಬ್ರಯಾಂಟ್ ವಿಶ್ವ ಚಾಂಪಿಯನ್ನರಾದರು, 1980ರಲ್ಲಿ ಮತ್ತೊಮ್ಮೆ, 1988ರಲ್ಲಿ, 56ನೆಯ ವಯಸ್ಸಿನಲ್ಲಿ, ಮಗುದೊಮ್ಮೆ. 1962, 1970, 1974, 1978ರ ಕಾಮನ್‌ವೆಲ್ತ್ ಕ್ರೀಡೆಗಳಲ್ಲಿ ಒಂಟಿ ಆಟದ ಚಿನ್ನ ಅವರದೇ. ನಡುವೆ 1966ರ ಕ್ರೀಡೆಗಳಲ್ಲಿ ಬೌಲ್ಸ್ ಇರಲಿಲ್ಲ, ಆದುದರಿಂದ ಅಲ್ಲಿ ಅವರು ಸೋಲಲೂ ಇಲ್ಲ! ಹಲ್ಲುಗಳ ನಡುವೆ ಪೈಪನ್ನು ಕಚ್ಚಿಕೊಂಡೇ ಆಡುತ್ತಿದ್ದ ಅವರು 2020ರಲ್ಲಿ ತೀರಿಕೊಂಡರು. ಹರೆಯದಲ್ಲಿ ಕೈಗೆ ಹತ್ತಿದ ಆಟ ಐವತ್ತಾರರಲ್ಲೂ ಕೈಬಿಡದೆ ವಿಶ್ವಪದವಿ ತಂದುಕೊಟ್ಟ ಉದಾಹರಣೆ ಬೇರೆ ಕ್ರೀಡೆಗಳಲ್ಲಿ ಎಷ್ಟು ಸಿಕ್ಕೀತು?

ತರುಣರು ಬಾರದಿದ್ದರೆ ಆಗುವ ನಷ್ಟ ಪಾರಿತೋಷಕದ್ದಲ್ಲ, ಅಂಗಳದ್ದು. ಹಸುರಂಗಳ ತಾನಾಗಿ ಬೆಳೆದ ಹುಲ್ಲಲ್ಲ. ಬೇಸಗೆಯಲ್ಲಿ ಹೆಚ್ಚುಕಡಮೆ ದಿನವೂ ಕತ್ತರಿಸಿ, ಕೆಲವೇ ಮಿಲಿಮೀಟರು ಎತ್ತರದಲ್ಲಿ ಇಡಬೇಕು. ಆಟದ ಕಾಲ ಮುಗಿದ ಮೇಲೆ ನೆಲಕ್ಕೆ ಮೊಳೆಗಳಿಂದ ತೂತು ಹೊಡೆದು ಗಾಳಿಯಾಡಿಸಬೇಕು, ಮರಳು ಮಣ್ಣು ಹಾಕಬೇಕು, ಬೀಜ ಬಿತ್ತಬೇಕು. ಅನೇಕ ಕ್ಲಬ್ಬುಗಳಲ್ಲಿ ಈ ಕೆಲಸವನ್ನೆಲ್ಲ ಸಂಬಳವಿಲ್ಲದೆ ಮಾಡುವವರು ಹಿರಿಯ ಸದಸ್ಯರೇ. ಅವರ ಬೆನ್ನು ಬಾಗಿದಾಗ ಯಂತ್ರ ತಳ್ಳುವವರಿಲ್ಲ. ಸದಸ್ಯರು ಕಡಮೆಯಾದಂತೆ ಚಂದಾ ಹಣ ಕಡಮೆ. ಹಣ ಕಡಮೆಯಾದಂತೆ ಹುಲ್ಲು ಒರಟು. ಹುಲ್ಲು ಒರಟಾದಂತೆ ಇದ್ದ ಸದಸ್ಯರೂ ದೂರ. ಹೀಗೆ ಬಾಗಿಲು ಮುಚ್ಚಿದ ಕ್ಲಬ್ಬುಗಳು ಇಂಗ್ಲೆಂಡಿನಲ್ಲಿ ಹಲವು. ಒಮ್ಮೆ ಮನೆಗಳೆದ್ದ ಅಂಗಳ ಮತ್ತೆ ಹಸುರಾಗುವುದಿಲ್ಲ.

ಕೌಂಟಿಯ ಎಂಟು ಮಂದಿ ತರುಣರ ಬೆನ್ನ ಮೇಲೆ ಈ ಭಾರವೂ ಇದೆ. ಅವರಲ್ಲಿ ಸಮರ್ಥರಾದವರು ಮುಂದೆ 24 ಮಂದಿಯ ಹಿರಿಯರ ತಂಡಕ್ಕೆ ಏರುತ್ತಾರೆ. ಅಲ್ಲಿ ತಮ್ಮ ಎರಡರಷ್ಟು, ಮೂರರಷ್ಟು ವಯಸ್ಸಿನವರ ಜೊತೆ ಭುಜಕ್ಕೆ ಭುಜ ಕೊಟ್ಟು ಆಡುತ್ತಾರೆ. ಇಪ್ಪತ್ತರವನು ನಾಯಕನಾಗಿ, ಅರವತ್ತರವರಿಗೆ ಎಲ್ಲಿಗೆ ಎಸೆಯಬೇಕೆಂದು ಕೈಸನ್ನೆ ಮಾಡುವುದು, ಅವರು ತಲೆಯಾಡಿಸಿ ಹಾಗೆಯೇ ಎಸೆಯುವುದು ಇಲ್ಲಿ ಸಾಮಾನ್ಯ ದೃಶ್ಯ.

ನಮ್ಮವರು ತುಳಿದ ಹುಲ್ಲು

ಲೆಮಿಂಗ್‌ಟನ್ನಿನ ಆ ಅಂಗಳಕ್ಕೂ ನಮಗೂ ಒಂದು ನಂಟು ಬೆಳೆದಿದೆ. 2022ರ ಬರ್ಮಿಂಗ್‌ಹ್ಯಾಂ ಕಾಮನ್‌ವೆಲ್ತ್ ಕ್ರೀಡೆಗಳ ಬೌಲ್ಸ್ ಪಂದ್ಯಗಳು ನಡೆದದ್ದು ಇದೇ ವಿಕ್ಟೋರಿಯ ಪಾರ್ಕಿನಲ್ಲಿ. ಆಗಸ್ಟ್ 2ರಂದು ಭಾರತದ ನಾಲ್ವರು ಮಹಿಳೆಯರು ದಕ್ಷಿಣ ಆಫ್ರಿಕವನ್ನು 17–10ರಿಂದ ಸೋಲಿಸಿ ಚಿನ್ನ ಗೆದ್ದರು. ಈ ಆಟದಲ್ಲಿ ಭಾರತಕ್ಕೆ ಅದೇ ಮೊದಲ ಪದಕ. ಮೊದಲ ಎಸೆತದ ಲವ್ಲಿ ಚೌಬೆ ಝಾರ್ಖಂಡದ ಪೋಲೀಸ್ ಇಲಾಖೆಯವರು; ಪಿಂಕಿ ದೆಹಲಿಯ ವ್ಯಾಯಾಮ ಶಿಕ್ಷಕಿ; ನಯನಮೋನಿ ಸೈಕಿಯಾ ಅಸ್ಸಾಮಿನ ಅರಣ್ಯ ಇಲಾಖೆಯವರು; ನಾಯಕಿ ರೂಪಾರಾಣಿ ತಿರ್ಕಿ ರಾಂಚಿಯವರು. ನಯನಮೋನಿ ಮೊದಲು ಭಾರ ಎತ್ತುತ್ತಿದ್ದವರು, ರೂಪಾರಾಣಿ ಕಬಡ್ಡಿ ಆಡುತ್ತಿದ್ದವರು. ಅಜ್ಜನಿಂದ ಬಂದ ಅಂಗಳವಾಗಲಿ, ಕೌಂಟಿಯ ಬಾಲ್ಯತಂಡವಾಗಲಿ ಅವರಿಗಿರಲಿಲ್ಲ. ಕೆಲವೇ ದಿನಗಳ ಅನಂತರ ನಮ್ಮ ಪುರುಷರ ತಂಡವೂ ಬೆಳ್ಳಿ ಗೆದ್ದಿತು. ಹುಲ್ಲಿಗೆ ಊರಿನ, ಕುಲದ ಗುರುತು ಸಿಗುವುದಿಲ್ಲ. ಅದಕ್ಕೆ ತಿಳಿಯುವುದು ಎಸೆದ ಕೈಯ ಹದ ಮಾತ್ರ.

ಪಂದ್ಯ ಮುಗಿದ ಮೇಲೆ ಎಂಟು ಮಂದಿಯೂ ಎದುರಾಳಿಗಳ ಕೈಕುಲುಕಿ, ಹಾಸುಗಳನ್ನು ಸುತ್ತಿಟ್ಟು ಒಳಗೆ ಹೋಗುತ್ತಾರೆ. ಅಲ್ಲಿ ಎರಡು ಕೌಂಟಿಯವರಿಗೂ ಒಂದೇ ಮೇಜು, ಒಂದೇ ಚಹ. ಹೊರಗೆ ಬೆಂಚಿನ ಮೇಲಿದ್ದ ಹಿರಿಯರು ಒಡನೆ ಏಳುವುದಿಲ್ಲ. ಹದಿನೆಂಟನೆಯ ಸುತ್ತಿನ ಆ ಒಂದು ಬೌಲು ಎಲ್ಲಿಂದ ಹೊರಟು ಎಲ್ಲಿ ಬಾಗಿ ಬಂತೆಂಬುದನ್ನು ಊರುಗೋಲಿನ ತುದಿಯಿಂದ ನೆಲದ ಮೇಲೆ ಬರೆದು ಒಬ್ಬರಿಗೊಬ್ಬರು ತೋರಿಸುತ್ತಿರುತ್ತಾರೆ. ಅವರ ಮುಂದೆ ಸಂಜೆಯ ಬಿಸಿಲಿನಲ್ಲಿ ಅಂಗಳ ಖಾಲಿಯಾಗಿ, ಹಸುರಾಗಿ ಹಾಸಿಕೊಂಡಿರುತ್ತದೆ. ನಾಳೆ ಬೆಳಗ್ಗೆ ಅದನ್ನು ಮತ್ತೆ ಕತ್ತರಿಸಬೇಕು.